ನಾಲ್ಕು ಕಿಂಡಿ

ಮಾರ್ಚ್ ೪, ಮಂಗಳವಾರ

ಬಾಯಿ ತೆರೆದರೆ ಜಗಳವಾಗುತ್ತದೆ. ಅದಕ್ಕೇ ಈ ನೋಟ್‌ಬುಕ್. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಸಾಮಾನಿನ ಚೀಟಿ ಬಿಟ್ಟು ನಾನು ಬೇರೇನೂ ಬರೆದವಳಲ್ಲ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಯಾರೂ ಓದುವವರಿಲ್ಲ, ಹೇಗಿದ್ದರೇನು.

ತಮ್ಮ ಹೋಗಿ ಇವತ್ತಿಗೆ ಹನ್ನೊಂದು ದಿನ. ಇವತ್ತು ಉಗ್ರಾಣದ ಆಫೀಸಿನಿಂದ ಅವನ ಹೆಂಡತಿಯ ಹೆಸರಿಗೆ ಕಾಗದ ಬಂತು. ಮೇನೇಜರ್ ಸಹಿ. "ಸದರಿ ನೌಕರರು ಮದ್ಯಪಾನ ಮಾಡಿ ನೆಲಮಾಳಿಗೆಗೆ ಇಳಿದಿರುವಂತೆ ಕಂಡುಬಂದಿದ್ದು, ಈ ಬಗ್ಗೆ ೨೭ನೇ ತಾರೀಖು ತನಿಖೆ ನಡೆಯಲಿದೆ." ಇಪ್ಪತ್ತೆರಡು ವರ್ಷ ಆ ಗುಂಡಿಯಲ್ಲಿ ದುಡಿದವನು ಹನ್ನೊಂದೇ ದಿನಕ್ಕೆ ಸದರಿಯಾದ.

ಗುಂಡಿ ಎಂದು ನಾವು ಕರೆಯುವುದು. ಆಲೂಗಡ್ಡೆ ಉಗ್ರಾಣ ನಮ್ಮದು. ಮೇಲೆ ಶೆಡ್ಡು, ಅಲ್ಲಿ ನಾನು ಚೀಲ ಹೊಲಿಯುತ್ತೇನೆ. ಹದಿನಾಲ್ಕು ಮೆಟ್ಟಿಲು ಇಳಿದರೆ ಕೆಳಗೆ ಕತ್ತಲ ಮಾಳಿಗೆ, ಎದೆಮಟ್ಟಕ್ಕೆ ಗಡ್ಡೆಯ ರಾಶಿ. ರಾಶಿ ನೋಡಿಕೊಳ್ಳುವುದು ತಮ್ಮನ ಕೆಲಸ. ಲಾರಿಯವರ ಮುಷ್ಕರ ಎಂದು ಮೂರು ದಿನ ಯಾರೂ ಗುಂಡಿಯ ಬಾಗಿಲು ತೆಗೆದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಲಾರಿ ಬಂತು, ಅವನು ಬಾಗಿಲು ತೆಗೆದು ಇಳಿದ. ಮೇಲೆ ನಿಂತಿದ್ದವನು ಮೀಸೆ, ನಮ್ಮ ಮೇಸ್ತ್ರಿ. ಅವನು ಹೇಳುವುದು ಇಷ್ಟು: ಒಳಗೆ ಹೋದವನು ಸುಮ್ಮಸುಮ್ಮನೆ ನಕ್ಕ, ಕರೆದರೆ ನಾಲಿಗೆ ತೊದಲುತ್ತಿತ್ತು, ಆಮೇಲೆ ರಾಶಿಗೆ ಒರಗಿ ಕೂತುಬಿಟ್ಟ. ಕುಡಿದು ಬಂದಿದ್ದಾನೆಂದು ಮೀಸೆ ಬಾಗಿಲಿನಿಂದಲೇ ಬೈದು ಲಾರಿಯವನ ಹತ್ತಿರ ಹೋದನಂತೆ. ತಿರುಗಿ ಬಂದಾಗ ತಮ್ಮ ಮಲಗಿದ್ದ. ಎಳೆದು ತಂದ ಇಬ್ಬರಿಗೂ ತಲೆ ಸುತ್ತಿತು. ಕೊಳೆತ ಗಡ್ಡೆಯ ವಾಸನೆಗೆ ಎಂದರು. ಆಸ್ಪತ್ರೆಯಲ್ಲಿ ಹೃದಯ ನಿಂತಿದೆ ಎಂದು ಬರೆದು ಕೊಟ್ಟರು. ಕುಡಿದಿದ್ದನೋ ಇಲ್ಲವೋ ನೋಡಿ ಎಂದು ಅವರಿಗೂ ಯಾರೂ ಹೇಳಲಿಲ್ಲ. ನಮಗಾದರೂ ಆಗ ಬುದ್ಧಿ ಎಲ್ಲಿತ್ತು.

ತಮ್ಮನ ಹೆಂಡತಿ ಕಾಗದ ಓದಿದಳು, ಮಡಚಿದಳು. ಒಳಗೆ ಹೋಗಿ ಅವನ ಅಂಗಿಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುರುಕಿ ಮಂಚದ ಕೆಳಗೆ ತಳ್ಳಿದಳು. ಇವತ್ತಿನವರೆಗೂ ಅವಳ ಕಣ್ಣಲ್ಲಿ ಒಂದು ಹನಿ ಕಂಡಿಲ್ಲ ನಾನು.

ಮಾರ್ಚ್ ೬, ಗುರುವಾರ

ಮೇಲ್ಮನೆ ಟೀಚರ್ ಬಂದಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬಾಲ್ಕನಿ ತುಂಬ ಕುಂಡ. ದಿನಾ ಬೆಳಿಗ್ಗೆ ಅವುಗಳಿಗೆ ನೀರು ಹಾಕುತ್ತಾಳೆ, ಅದು ಕೆಳಗೆ ನನ್ನ ಒಗೆದ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತದೆ. ಎಷ್ಟು ಸಲ ಹೇಳಿದ್ದೇನೋ.

ಕೂತವಳು ನನ್ನ ಕೈ ಹಿಡಿದುಕೊಂಡು, ಯಾರೂ ಪೂರ್ತಿ ಹೋಗುವುದಿಲ್ಲ, ನಿಮ್ಮ ತಮ್ಮ ಬಿಟ್ಟ ಉಸಿರನ್ನು ಯಾವುದೋ ಎಲೆ ತಗೊಂಡಿರುತ್ತದೆ, ಅವರು ಅಲ್ಲಿ ಇದ್ದಾರೆ ಎಂದಳು. ನಾನು ಕೈ ಬಿಡಿಸಿಕೊಂಡೆ. ನನ್ನ ತಮ್ಮ ಕೊನೆಯ ಉಸಿರು ಬಿಟ್ಟ ಜಾಗದಲ್ಲಿ ಒಂದು ಎಲೆಯೂ ಇಲ್ಲ, ಒಂದು ಸಾಸಿವೆಯಷ್ಟು ಬೆಳಕೂ ಇಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಎದ್ದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಎಲೆಯಂತೆ.

ಮಾರ್ಚ್ ೯, ಭಾನುವಾರ

ಬೀದಿ ಕೊನೆಯ ಅಂಗಡಿಯವನೂ ಕೇಳಿದ, ಮತ್ತೆ ಶುರು ಮಾಡಿಕೊಂಡಿದ್ದನಾ ಎಂದು. ಸಾಬೂನು ತೆಗೆದುಕೊಳ್ಳದೆ ಬಂದೆ.

ಮಾರ್ಚ್ ೧೨, ಬುಧವಾರ

ಕೆಲಸಕ್ಕೆ ಹೋದೆ. ಮನೆಯಲ್ಲಿ ಗೋಡೆ ನೋಡುತ್ತ ಕೂತರೆ ಯಾರನ್ನಾದರೂ ಕಚ್ಚಿಬಿಡುತ್ತೇನೆ ಅನ್ನಿಸಿತು.

ನನ್ನ ಜಾಗದಲ್ಲಿ ಸೂಜಿ ಇಟ್ಟಲ್ಲೇ ಇತ್ತು, ಹುರಿದಾರದ ಉಂಡೆಯೂ ಇತ್ತು. ಯಾರೂ ಮುಟ್ಟಿಲ್ಲ. ಮೇನೇಜರ್ ತಾನೇ ಬಂದು ಮಾತಾಡಿಸಿದ. ನನ್ನ ಕೆಲಸದ ಬಗ್ಗೆ ಅವನಿಗೆ ಯಾವತ್ತೂ ಒಳ್ಳೆಯ ಮಾತೇ. ಜನವರಿಯಲ್ಲಿ ಒಂದು ಲಾರಿ ಗಡ್ಡೆ ವಾಪಸ್ ಬಂದಿತ್ತು, ಹಸಿರು ತಿರುಗಿದೆ, ಕಹಿ, ತಿನ್ನುವ ಹಾಗಿಲ್ಲ ಎಂದು. ಬೆಳಕು ಬಿದ್ದರೆ ಗಡ್ಡೆ ಹಸಿರಾಗುತ್ತದೆ, ಅದು ನಮಗೆಲ್ಲ ಗೊತ್ತು. ಗುಂಡಿಯ ನಾಲ್ಕು ಕಿಂಡಿಯಿಂದ ಬೆಳಕು ಬೀಳುತ್ತಿತ್ತು. ಅವತ್ತು ಮೇನೇಜರ್ ಕುಣಿದಾಡಿದ್ದ. ಒಂದು ಗೆರೆ ಬೆಳಕೂ ಒಳಗೆ ಬರಬಾರದು ಎಂದು ನನಗೆ ಪರದೆ ಹೊಲಿಯಲು ಹೇಳಿದ. ಬರೀ ಗೋಣಿ ಹಾಕಿದರೆ ನೂಲಿನ ಸಂದಿಯಿಂದ ಚುಕ್ಕಿ ಚುಕ್ಕಿ ಬೆಳಕು ಇಣುಕುತ್ತದೆ. ನಾನು ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಚ್ಚಿ ಒಳಪದರ ಕೊಟ್ಟು, ನಾಲ್ಕು ಅಂಚಿಗೂ ಎರಡೆರಡು ಸಾಲು ಹೊಲಿಗೆ ಹಾಕಿ ಚೌಕಟ್ಟಿಗೆ ಬಿಗಿದೆ. ತಮ್ಮ ಕೆಳಗೆ ನಿಂತು ನೋಡಿ, "ಅಕ್ಕಾ, ನನ್ನ ಕೈ ನನಗೇ ಕಾಣ್ತಿಲ್ಲ" ಎಂದು ನಕ್ಕಿದ್ದ. ಆಮೇಲೆ ಒಂದು ಗಡ್ಡೆಯೂ ಹಸಿರಾಗಲಿಲ್ಲ.

ತಮ್ಮನ ಜಾಗಕ್ಕೆ ಮೀಸೆಯ ಭಾವಮೈದ ಉದ್ದಣ್ಣ ಬರುತ್ತಾನಂತೆ. ಮುಂದಿನ ತಿಂಗಳು ಹೊಸ ಗಡ್ಡೆ ತುಂಬಿದ ಮೇಲೆ. ಅಲ್ಲಿಯವರೆಗೆ ಗುಂಡಿಗೆ ಬೀಗ. ಗುಂಡಿಗೆ ಇಳಿದವನು ಹತ್ತೊಂಬತ್ತು ದಿನದ ಹಿಂದೆ ಸತ್ತಿದ್ದಾನೆ, ಇವರಿಗೆ ಅವನ ಜಾಗ ಖಾಲಿ ಇದೆ ಅಷ್ಟೇ.

ಚೀಲದ ಬಾಯಿ ಹೊಲಿಯುವಾಗ ಕೈ ಒಳಗೆ ಹೋಯಿತು. ಬೆಚ್ಚಗಿತ್ತು. ತುಂಬಿಟ್ಟ ಗಡ್ಡೆ ಯಾವಾಗಲೂ ಬೆಚ್ಚಗೇ ಇರುತ್ತದೆ. ಚಳಿಗಾಲದಲ್ಲಿ ನಾವಿಬ್ಬರೂ ಅದರಲ್ಲಿ ಬೆರಳು ಕಾಯಿಸಿಕೊಳ್ಳುತ್ತಿದ್ದೆವು. ಇವತ್ತು ಆ ಬಿಸುಪು ತಾಗಿ ಮೈ ಉರಿಯಿತು. ಅವನು ತಣ್ಣಗಾಗಿದ್ದಾನೆ, ಇವಕ್ಕೇನು ಬಿಸಿ.

ಮಾರ್ಚ್ ೧೫, ಶನಿವಾರ

ತಮ್ಮನ ಹೆಂಡತಿಯ ಜೊತೆ ಜಗಳ. ಬರೆದುಕೊಂಡರೆ ಬಾಯಿ ಮುಚ್ಚಿರುತ್ತದೆ ಅಂದುಕೊಂಡಿದ್ದೆ. ಎಲ್ಲಿ.

ಅವಳು ಅವನ ಚಪ್ಪಲಿಯನ್ನು ಕಸದ ಬುಟ್ಟಿಗೆ ಹಾಕಿದ್ದಳು. ನಾನು ಎತ್ತಿ ತಂದು ಬಾಗಿಲ ಹತ್ತಿರ ಇಟ್ಟೆ. ಅವಳು ಮತ್ತೆ ಎತ್ತಿಕೊಂಡು ಹೋದಳು. ಅವನೇನು ನಿನಗೆ ಅಂಥ ಕೇಡು ಮಾಡಿದ್ದ ಎಂದು ಕೇಳಿದೆ.

"ನಾಲ್ಕು ವರ್ಷ ಆಯ್ತು ಅತ್ತಿಗೆ, ಇನ್ನು ಮುಟ್ಟಲ್ಲ ಅಂತ ನನ್ನ ಕೈ ಹಿಡಿದು ಹೇಳಿದ್ರು. ನಾನು ನಂಬಿದೆ. ದಿನಾ ಬಂದಾಗ ಬಾಯಿ ಮೂಸಿ ನೋಡೋದನ್ನೂ ಬಿಟ್ಟೆ. ಎಷ್ಟು ದಿನದಿಂದ ನನ್ನ ಕಣ್ಣಿಗೆ ಮಣ್ಣು ಹಾಕ್ತಿದ್ರೋ."

"ಅವನು ಕುಡಿದಿರಲಿಲ್ಲ."

"ನೀವು ನೋಡಿದ್ರಾ?"

ನೋಡಿರಲಿಲ್ಲ. ಅವತ್ತು ಬೆಳಿಗ್ಗೆ ನಾನು ಬೇಗ ಹೋಗಿದ್ದೆ, ಅವನು ಆಮೇಲೆ ಬಂದ.

"ಮೀಸೆ ನೋಡಿದ್ದಾರೆ. ತೊದಲ್ತಿದ್ರು ಅಂತ ಅವರು ಯಾಕೆ ಸುಳ್ಳು ಹೇಳ್ತಾರೆ? ಹೋಗಿದ್ದಕ್ಕೆ ಅಳಬೇಕೋ, ಮೋಸ ಮಾಡಿ ಹೋಗಿದ್ದಕ್ಕೆ ಅಳಬೇಕೋ, ನೀವೇ ಹೇಳಿ. ನೀವು ಹೇಳಿದ ಹಾಗೇ ಅಳ್ತೀನಿ."

ಮೀಸೆ ಎಂಥವನೇ ಆಗಲಿ ಸುಳ್ಳು ಹೇಳುವವನಲ್ಲ, ಅದೇ ಕಷ್ಟ. ಕಾಗದದಲ್ಲಿರುವ ಮದ್ಯಪಾನ ಎಂಬ ಆ ಒಂದು ಪದ ಅಳಿಸದೆ ಇವಳು ಅಳುವುದಿಲ್ಲ. ಇವಳು ಅಳದೆ ಈ ಮನೆಯಲ್ಲಿ ಅವನು ಸತ್ತ ಹಾಗೂ ಆಗುವುದಿಲ್ಲ. ೨೭ನೇ ತಾರೀಖಿನೊಳಗೆ ನಾನು ಏನಾದರೂ ಮಾಡಬೇಕು. ಏನು ಮಾಡಬೇಕೆಂದು ಗೊತ್ತಿಲ್ಲ.

ಮಾರ್ಚ್ ೧೮, ಮಂಗಳವಾರ

ಬೆಳಿಗ್ಗೆ ಮತ್ತೆ ಬಟ್ಟೆಯ ಮೇಲೆ ಕೆಸರು ನೀರು. ತಡೆಯಲಾಗಲಿಲ್ಲ. ಒದ್ದೆ ಹೊದಿಕೆ ಹಿಡಿದುಕೊಂಡೇ ಮಹಡಿ ಹತ್ತಿದೆ. ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನೆಲ್ಲ ಆ ಟೀಚರ್ ಮೇಲೆ ಸುರಿದೆ. ನಿಮ್ಮ ಗಿಡಕ್ಕೆ ಕೊಡುವ ಮರ್ಯಾದೆ ಮನುಷ್ಯರಿಗಿಲ್ಲ ಎಂದೆ. ಎಲೆಯಲ್ಲಿ ಇದ್ದಾನೆ ಎಂದಿರಲ್ಲ, ಗುಂಡಿಯಲ್ಲಿ ಎಲೆ ಎಲ್ಲಿದೆ ತೋರಿಸಿ ಎಂದೆ. ಅಲ್ಲಿರುವುದು ಗಡ್ಡೆ, ಬೆಚ್ಚಗೆ ಹಂದಿಗಳ ಹಾಗೆ ಬಿದ್ದುಕೊಂಡಿರುತ್ತವೆ ಎಂದೆ.

ಅವಳು ಬೈಸಿಕೊಂಡಳು. ಆಮೇಲೆ, "ಬೆಚ್ಚಗೆ ಅಂದ್ರಾ?" ಎಂದಳು.

ಹೌದು ಎಂದೆ.

"ಕೂತ್ಕೊಳ್ಳಿ ಸ್ವಲ್ಪ. ಕಿಟಕಿ ಬಾಗಿಲು ಇದೆಯಾ ಅಲ್ಲಿ?"

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆದಿಡುತ್ತೇನೆ, ಮರೆಯಬಾರದು.

ಲೋಕದಲ್ಲಿ ಅಡುಗೆ ಮಾಡುವುದು ಹಸಿರು ಎಲೆ ಒಂದೇ. ಉಳಿದವರೆಲ್ಲ ತಿನ್ನುವವರು. ಎಲೆ ಬಿಸಿಲನ್ನೇ ಉರಿ ಮಾಡಿಕೊಂಡು, ಬೇರಿನ ನೀರನ್ನೂ ನಾವು ಹೊರಗೆ ಬಿಡುವ ಗಾಳಿಯನ್ನೂ ಸೇರಿಸಿ ಸಕ್ಕರೆ ಮಾಡುತ್ತದೆ. ಆಗ ಆಮ್ಲಜನಕ ಹೊರಗೆ ಬರುತ್ತದೆ, ನಾವು ಉಸಿರಾಡುವುದು ಅದನ್ನೇ. ಇಷ್ಟು ಎಂಟನೇ ಕ್ಲಾಸಿನಲ್ಲಿ ನಾನೂ ಓದಿದ್ದೆ, ಚಿತ್ರ ಬರೆದಿದ್ದೆ. ಮುಂದಿನದು ಓದಿದ್ದು ನೆನಪಿಲ್ಲ. ಮಾಡಿದ ಸಕ್ಕರೆಯನ್ನು ಬಳಸುವುದಕ್ಕೆ ಜೀವ ಇರುವ ಎಲ್ಲವೂ ಅದನ್ನು ಒಳಗೊಳಗೇ ಸುಡಬೇಕು. ಮೈಯ ಕಣಕಣದಲ್ಲೂ ಹೊಗೆ ಇಲ್ಲದ ಸಣ್ಣ ಉರಿ. ಆ ಉರಿಗೆ ಆಮ್ಲಜನಕ ಬೇಕು. ಅದರಿಂದಲೇ ನಮಗೆ ಶಕ್ತಿ, ಅದರಿಂದಲೇ ಮೈ ಬಿಸಿ. ಉರಿದ ಮೇಲೆ ಕೆಟ್ಟ ಗಾಳಿ ಹೊರಗೆ. ಗಿಡವೂ ಇದನ್ನೇ ಮಾಡುತ್ತದಂತೆ, ಹಗಲೂ ರಾತ್ರಿ.

"ಗಡ್ಡೆ ಅಂದ್ರೆ ಎಲೆ ಮಾಡಿದ ಅಡುಗೇನ ಕೂಡಿಟ್ಟ ಕಣಜ. ಕಿತ್ತ ತಕ್ಷಣ ಅದೇನು ಸಾಯಲ್ಲ ರೀ. ಕತ್ತಲಲ್ಲಿ ಕೂತು ತನ್ನನ್ನೇ ಚೂರು ಚೂರು ತಿಂತಾ ಉಸಿರಾಡ್ತಿರುತ್ತೆ. ನಿಮ್ಮ ಕೈಗೆ ಬೆಚ್ಚಗೆ ಸಿಗೋದು ಅದೇ ಉಸಿರಿನ ಬಿಸಿ."

"ಮತ್ತೆ ಹಸಿರಾಗೋದು?"

"ಬೆಳಕು ಕಂಡ್ರೆ ಅಡುಗೆ ಮಾಡೋ ಆಸೆ ಅದಕ್ಕೆ. ಹಸಿರು ಅಂದ್ರೆ ಅದೇ. ಕತ್ತಲಲ್ಲಿ ಇಟ್ಟಿದ್ದೀರಲ್ಲ, ಇರೋ ಗಾಳಿ ತಿನ್ನೋದು ಬಿಟ್ಟು ಅದಕ್ಕೆ ಬೇರೆ ದಾರಿ ಇಲ್ಲ."

ಎಷ್ಟು ಗಡ್ಡೆ ಇದೆ ಎಂದು ಕೇಳಿದಳು. ಎಂಟು ಲಾರಿ ಎಂದೆ. ಎಷ್ಟು ದಿನ ಮುಚ್ಚಿತ್ತು ಎಂದಳು. ಮೂರು ಎಂದೆ. ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: ಆಮ್ಲಜನಕ ಕಡಿಮೆಯಾದರೆ ಮೊದಲು ಸೋಲುವುದು ತಲೆ. ಕಾರಣವಿಲ್ಲದೆ ನಗು ಬರುತ್ತದೆ. ನಾಲಿಗೆ ತೊದಲುತ್ತದೆ. ಕಾಲು ಸೋತು ಕೂತುಬಿಡುತ್ತಾರೆ. ನೋಡುವವರಿಗೆ ಥೇಟ್ ಕುಡಿದ ಹಾಗೇ.

ಅವನು ಅಪ್ಪನ ಜಾಗಕ್ಕೆ ಬಂದು ಇಪ್ಪತ್ತೆರಡು ವರ್ಷ. ಅಪ್ಪ ಅದಕ್ಕೂ ಮೊದಲು ಮೂವತ್ತು ವರ್ಷ. ಗಡ್ಡೆ ಹಸಿರಾಗುತ್ತದೆ ಎಂದು ಹೇಳಿದವರು ನೂರು ಜನ. ಗಡ್ಡೆ ಗಾಳಿ ತಿನ್ನುತ್ತದೆ ಎಂದು ಒಬ್ಬನೇ ಒಬ್ಬ ಹೇಳಲಿಲ್ಲ. ಗಡ್ಡೆ ಕೆಟ್ಟರೆ ಲಾರಿ ವಾಪಸ್ ಬರುತ್ತದಲ್ಲ, ಅದಕ್ಕೆ ಅದು ಗೊತ್ತಿರಬೇಕು. ಮನುಷ್ಯ ಕೆಟ್ಟರೆ ಇನ್ನೊಬ್ಬ ಉದ್ದಣ್ಣ.

ನನ್ನ ಮಾತಿಗೆ ನಂಬಿಕೆ ಬೇಡ, ನೀವೇ ಮಾಡಿ ನೋಡಿ ಎಂದು ಟೀಚರ್ ಒಂದು ಉಪಾಯ ಹೇಳಿಕೊಟ್ಟಳು. ಹೊದಿಕೆ ಮತ್ತೆ ಒಗೆಯಬೇಕಾಯಿತು.

ಮಾರ್ಚ್ ೧೯, ಬುಧವಾರ

ನಿನ್ನೆ ಸಂಜೆ ಹಾಲಿನ ದೊಡ್ಡ ಕ್ಯಾನಿಗೆ ಅರ್ಧದವರೆಗೆ ಗಡ್ಡೆ ತುಂಬಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಮೂಲೆಯಲ್ಲಿಟ್ಟಿದ್ದೆ. ಇವತ್ತು ಕೆಲಸದಿಂದ ಬಂದು ತೆಗೆದೆ. ತಂತಿಗೆ ಮೇಣದಬತ್ತಿ ಸಿಕ್ಕಿಸಿ ಹಚ್ಚಿ ಒಳಗೆ ಇಳಿಸಿದೆ. ಕ್ಯಾನಿನ ಬಾಯಿ ದಾಟಿದ್ದೇ ತಡ, ಯಾರೋ ಊದಿದ ಹಾಗೆ ಆರಿತು. ಮತ್ತೆ ಹಚ್ಚಿ ಇಳಿಸಿದೆ, ಮತ್ತೆ ಆರಿತು. ಮೂರನೇ ಸಲವೂ. ಖಾಲಿ ಬಕೆಟ್ಟಿನಲ್ಲಿ ಇಳಿಸಿದರೆ ಚೆನ್ನಾಗಿ ಉರಿಯುತ್ತಿತ್ತು.

ಆಗ ಅಪ್ಪನ ಲಾಟೀನು ನೆನಪಾಯಿತು. ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ, ಬಟ್ಟೆಯ ಕ್ಲಿಪ್ಪು ಹಾಕಿಡುತ್ತೇವೆ ಅದರಲ್ಲಿ. ಅಪ್ಪ ಗುಂಡಿಗೆ ಇಳಿಯುವ ಮೊದಲು ಅದನ್ನು ಹಚ್ಚಿ ಹಗ್ಗದಲ್ಲಿ ಕೆಳಗೆ ಬಿಟ್ಟು, ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಕಾಯುತ್ತಿದ್ದ. ಯಾಕಪ್ಪಾ ಎಂದರೆ, ನಮ್ಮಪ್ಪ ಹೀಗೇ ಮಾಡ್ತಿದ್ದ ಎನ್ನುತ್ತಿದ್ದ. ಅವನಿಗೂ ಕಾರಣ ಗೊತ್ತಿರಲಿಲ್ಲ. ಕರೆಂಟು ಬಂದ ಮೇಲೆ ತಮ್ಮ, ಬಲ್ಬಿದೆ ಲಾಟೀನು ಯಾಕೆ ಎಂದ. ನಾನೂ ನಕ್ಕೆ. ಬಲ್ಬಿಗೆ ಗಾಳಿ ಬೇಡ. ಎಂಥ ಗಾಳಿಯಲ್ಲೂ ಅದು ಹಲ್ಲು ಕಿರಿದುಕೊಂಡು ಉರಿಯುತ್ತದೆ.

ತಮ್ಮನ ಹೆಂಡತಿಯನ್ನು ಕರೆದು ತೋರಿಸಿದೆ. ಟೀಚರ್ ಹೇಳಿದ್ದನ್ನೆಲ್ಲ ಹೇಳಿದೆ, ತೊದಲಿದ್ದು, ನಕ್ಕಿದ್ದು. ಅವಳು ಬತ್ತಿಯನ್ನು ತಾನೇ ಇಸಿದುಕೊಂಡು ಎರಡು ಸಲ ಇಳಿಸಿ ನೋಡಿದಳು. ಆಮೇಲೆ ತಂತಿ ಕೆಳಗಿಟ್ಟಳು.

"ಕ್ಯಾನಿಗೆ ಮುಚ್ಚಳ ಇದೆ ಅತ್ತಿಗೆ. ಗುಂಡಿಗೆ ನಾಲ್ಕು ಗಾಳಿಕಿಂಡಿ ಇದೆ ಅಂತ ಅವರೇ ಹೇಳ್ತಿದ್ರು. ಎಷ್ಟೋ ಸಲ ನಾಲ್ಕು ದಿನ ಬಾಗಿಲು ಹಾಕಿಟ್ಟಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಸುಮ್ನೆ ನನಗೆ ಆಸೆ ಹುಟ್ಟಿಸಬೇಡಿ."

ಮಾರ್ಚ್ ೨೦, ಗುರುವಾರ

ನಾಲ್ಕು ಕಿಂಡಿ.

ಗಾಳಿಕಿಂಡಿ ಎಂದೇ ಅವುಗಳ ಹೆಸರು. ಮೊದಲಿನಿಂದಲೂ.

ಮಾರ್ಚ್ ೨೪, ಸೋಮವಾರ

ನಾಲ್ಕು ದಿನ ಪೆನ್ನು ಮುಟ್ಟಿಲ್ಲ.

ಊಟ ಮಾಡಿದೆ, ಕೆಲಸಕ್ಕೆ ಹೋದೆ, ಚೀಲ ಹೊಲಿದೆ. ನನ್ನ ಹೊಲಿಗೆ ಎಂದರೆ ಎಲ್ಲರಿಗೂ ಗೊತ್ತು, ಬಿಚ್ಚಬೇಕಾದರೆ ಚಾಕುವೇ ಬೇಕು. ಇವತ್ತು ಮಧ್ಯಾಹ್ನ ಹೊರಗಿನಿಂದ ಸುತ್ತಿ ಬಂದು ಕಿಂಡಿಗಳನ್ನು ನೋಡಿದೆ. ನಾಲ್ಕೂ ಪರದೆ ಹಾಗೇ ಇವೆ. ಬಿಗಿಯಾಗಿ, ಅಚ್ಚುಕಟ್ಟಾಗಿ. ಒಂದು ದಾರ ಸಡಿಲವಾಗಿಲ್ಲ. ಕೈ ಕತ್ತರಿಸಿಕೊಳ್ಳುವಷ್ಟು ಸಿಟ್ಟು ಬಂತು.

ಮೇನೇಜರ್ ಕರೆಸಿದ. ಟೀಚರ್ ತನಿಖೆಯವರಿಗೆ ಪತ್ರ ಹಾಕಿದ್ದಾಳೆ, ಅದು ಅವನಿಗೆ ತಿಳಿದಿದೆ. ಕುರ್ಚಿ ಕೊಟ್ಟ, ನೀರು ತರಿಸಿದ. ಈ ಉಗ್ರಾಣದಲ್ಲಿ ಅವನು ನನಗೆ ಕುರ್ಚಿ ಕೊಟ್ಟಿದ್ದು ಇದೇ ಮೊದಲು.

"ನೋಡಮ್ಮ, ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ಆದರೆ ಗಾಳಿ ಗೀಳಿ ಅಂತ ಹೊರಟ್ರೆ ಅವರು ಕಿಂಡಿ ನೋಡ್ತಾರೆ. ಕಿಂಡಿ ನೋಡಿದ್ರೆ ಪರದೆ ನೋಡ್ತಾರೆ. ಅದು ಯಾರ ಕೈಕೆಲಸ ಅಂತ ನಾನು ಬೇರೆ ಹೇಳಬೇಕಾ?"

ನಾನು ನೀರಿನ ಲೋಟವನ್ನು ಮೇಜಿನ ಮೇಲಿಟ್ಟೆ.

"ನಿಮ್ಮ ನಾದಿನಿ ಮುಖ ಹೇಗೆ ನೋಡ್ತೀರಿ ಆಮೇಲೆ? ಹೋದೋನು ಹೋದ. ಕುಡಿದಿದ್ದ ಅಂತ ಬರೆದ್ರೆ ಅವನಿಗೇನು ನೋವಾಗುತ್ತಾ?"

ಹೊರಗೆ ಬಂದೆ. ಇಡೀ ದಿನ ಆ ಮಾತನ್ನೇ ಜಗಿದೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವಳು ಅವನನ್ನು ಬೈದುಕೊಂಡು ಬದುಕುತ್ತಾಳೆ, ನಾನು ಅವಳು ಬಡಿಸಿದ ಅನ್ನ ತಿಂದುಕೊಂಡು ಬದುಕುತ್ತೇನೆ.

ಉದ್ದಣ್ಣ ಶೆಡ್ಡಿಗೆ ಬಂದು ತಮ್ಮನ ಟೋಪಿ ಹಾಕಿಕೊಂಡು ಅಳತೆ ನೋಡುತ್ತಿದ್ದ. ಕಿತ್ತುಕೊಂಡೆ. ಪಾಪ, ಅವನು ಹೆದರಿದ.

ಮಾರ್ಚ್ ೨೭, ಗುರುವಾರ

ಮೊನ್ನೆಯೇ ಮತ್ತೆ ಗಡ್ಡೆ ತುಂಬಿ ಹಿಟ್ಟು ಮೆತ್ತಿಟ್ಟಿದ್ದ ಕ್ಯಾನನ್ನು ಬೆಳಿಗ್ಗೆ ಗೋಣಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ಹೋದೆ. ಹಾಲು ಮಾರೋಕೆ ಬಂದ್ಯಾ ಎಂದು ಗೇಟಿನವನು ನಕ್ಕ. ತನಿಖೆಗೆ ಬಂದಿದ್ದವರು ಒಬ್ಬ ಹೆಂಗಸು, ಕನ್ನಡಕ, ಕೂತಷ್ಟು ಹೊತ್ತೂ ನೆಗಡಿ. ಟೀಚರ್ ರಜೆ ಹಾಕಿ ಬಂದಿದ್ದಳು. ತಮ್ಮನ ಹೆಂಡತಿ ಬರಲಿಲ್ಲ. ಹೊಸದಾಗಿ ಕೇಳೋದು ಏನಿದೆ ಎಂದಿದ್ದಳು.

ಮೀಸೆ ಹೇಳಿದ್ದನ್ನೇ ಹೇಳಿದ. ನಕ್ಕ, ತೊದಲಿದ, ಕೂತ. ಬಾಯಿ ವಾಸನೆ ಬಂತಾ ಎಂದು ಆ ಹೆಂಗಸು ಕೇಳಿದರು. ಇಲ್ಲ ಮೇಡಂ, ನಾನು ಹತ್ತಿರ ಹೋಗಲಿಲ್ಲ ಎಂದ. ಆಮೇಲೆ ನೆಲ ನೋಡುತ್ತ, ಹೋಗಬೇಕಿತ್ತು ಎಂದ. ಅವನಿಗೆ ಬೈಯಲು ಎರಡು ವಾರದಿಂದ ಮಾತು ಜೋಡಿಸಿಕೊಂಡಿದ್ದೆ. ಹೋಗಿದ್ದರೆ ಅವನೂ ತಿರುಗಿ ಮೇಲೆ ಬರುತ್ತಿರಲಿಲ್ಲ. ಅದನ್ನು ಅವನಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಟೀಚರ್ ವಿವರಿಸಿದಳು. ನಾನು ಮೇಜಿನ ಮೇಲೆ ಕ್ಯಾನು ಇಟ್ಟು ಮುಚ್ಚಳ ತೆಗೆದು ಬತ್ತಿ ಇಳಿಸಿದೆ. ಆರಿತು. ಆ ಹೆಂಗಸು ಎದ್ದು ನಿಂತು ಇನ್ನೊಮ್ಮೆ ಎಂದರು. ಆರಿತು. ಮೇನೇಜರ್ ತಕ್ಷಣ, ನಮ್ಮ ಮಾಳಿಗೆ ಕ್ಯಾನ್ ಅಲ್ಲ ಮೇಡಂ, ನಾಲ್ಕು ಗಾಳಿಕಿಂಡಿ ಇವೆ ಎಂದ. ಎಂದು ನನ್ನ ಕಡೆ ನೋಡಿದ.

ನಾನು ತಂತಿಯನ್ನು ಕೆಳಗಿಟ್ಟೆ.

"ಕಿಂಡಿ ಮುಚ್ಚಿತ್ತು. ಮುಚ್ಚಿದ್ದು ನಾನು. ಗೋಣಿ ಪರದೆ ಹಾಕು ಅಂತ ಇವರು ಹೇಳಿದ್ರು. ಗೋಣಿಗೆ ಪ್ಲಾಸ್ಟಿಕ್ ಕೊಟ್ಟು ಸುತ್ತ ಹೊಲಿದಿದ್ದು ನಾನು. ಚೆನ್ನಾಗಿರಲಿ ಅಂತ."

ಟೀಚರ್‌ಗೂ ನಾನು ಇದನ್ನು ಹೇಳಿರಲಿಲ್ಲ.

ಬೆಳಕು ತಡೀರಿ ಅಂದಿದ್ದು ನಿಜ, ಪ್ಲಾಸ್ಟಿಕ್ ಹಾಕಿ ಎಂದು ನಾನು ಹೇಳಿಲ್ಲ ಎಂದ ಮೇನೇಜರ್. ಹೇಳಿರಲಿಲ್ಲ, ನಿಜ. ನಾನು ಹಾಕಿದ್ದನ್ನು ನೋಡಿ ಬೆನ್ನು ತಟ್ಟಿದ್ದ, ಅದೂ ನಿಜ. ಅದನ್ನೂ ಹೇಳಿದೆ. ಅದಕ್ಕೆ ಕಾಗದ ಇದೆಯಾ ಎಂದ. ಬೆನ್ನು ತಟ್ಟಿದ್ದಕ್ಕೆ ಕಾಗದ.

ಎಲ್ಲರೂ ಹೋಗಿ ಕಿಂಡಿ ನೋಡಿದರು. ಆ ಹೆಂಗಸು ಪರದೆಯ ಅಂಚನ್ನು ಉಗುರಿನಿಂದ ಎಬ್ಬಿಸಲು ನೋಡಿದರು. ಏಳಲಿಲ್ಲ.

ಮನೆಗೆ ಬಂದಾಗ ಏನಾಯ್ತು ಎಂದು ತಮ್ಮನ ಹೆಂಡತಿ ಕೇಳಿದಳು. ವರದಿ ಬರುತ್ತದಂತೆ ಎಂದೆ. ಅಷ್ಟು ಜನರ ಮುಂದೆ ಬಂದ ಮಾತು ಅವಳ ಒಬ್ಬಳ ಮುಂದೆ ಬರಲಿಲ್ಲ. ಹೇಡಿ ನಾನು.

ಏಪ್ರಿಲ್ ೩, ಗುರುವಾರ

ವರದಿ ಬಂತು. ಅವಳ ಹೆಸರಿಗೆ ಬಂದದ್ದು, ಅವಳೇ ಒಡೆದು ಓದಿದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಆಮೇಲೆ ನಾನೂ ಓದಿದೆ.

"ಮೃತರು ಮದ್ಯಪಾನ ಮಾಡಿದ್ದರೆಂಬುದಕ್ಕೆ ಯಾವುದೇ ಆಧಾರವಿಲ್ಲ. ಗಾಳಿಕಿಂಡಿಗಳು ಮುಚ್ಚಿದ್ದರಿಂದ, ಸಂಗ್ರಹಿಸಿದ ಗಡ್ಡೆಗಳ ಉಸಿರಾಟದಿಂದ ಆಮ್ಲಜನಕ ಕಡಿಮೆಯಾಗಿ ಮರಣ ಸಂಭವಿಸಿದೆ. ಕಿಂಡಿಗಳನ್ನು ಮುಚ್ಚಿದ್ದು ಚೀಲ ಹೊಲಿಯುವ ಮಹಿಳಾ ನೌಕರರ ಸ್ವಂತ ಅಜಾಗರೂಕತೆ."

ಮೇನೇಜರ್ ಬಗ್ಗೆ ಒಂದಕ್ಷರವಿಲ್ಲ. ಮೂರೇ ವಾಕ್ಯ. ಮೊದಲನೆಯದು ನಾನು ಬೇಡಿಕೊಂಡಿದ್ದು. ಎರಡನೆಯದು ನಾನು ತೋರಿಸಿದ್ದು. ಮೂರನೆಯದರಲ್ಲಿ ಅರ್ಧ ನಾನು, ಅರ್ಧ ಅವನು. ಅವನ ಅರ್ಧವನ್ನು ಯಾರೋ ತಿಂದುಕೊಂಡರು.

ಅವಳು ಕಾಗದ ಮಡಚಲಿಲ್ಲ. ಮಂಚದ ಕೆಳಗಿನಿಂದ ಚೀಲ ಎಳೆದು ಒಂದೊಂದೇ ಅಂಗಿ ಹೊರಗೆ ತೆಗೆದಳು. ಮೂರನೇ ಅಂಗಿಗೆ ಬರುವಾಗ ಮುಖ ಅದರಲ್ಲಿಟ್ಟು ಅತ್ತಳು. "ಹೇಳಿದ ಹಾಗೇ ಇದ್ರು," ಎಂದಳು. "ಹೇಳಿದ ಹಾಗೇ ಇದ್ರು ಅವರು." ಎಷ್ಟು ಹೊತ್ತೋ ಗೊತ್ತಿಲ್ಲ. ನಾನು ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟೆ.

"ಬೇಡ ಅತ್ತಿಗೆ. ಈಗ ನಿಮ್ಮ ಮುಖ ನೋಡೋಕೆ ನನಗೆ ಆಗಲ್ಲ. ನೀವು ಬೇಕು ಅಂತ ಮಾಡಿಲ್ಲ, ಗೊತ್ತು. ಆದರೂ ಆಗಲ್ಲ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮೇಲಿನಿಂದ ನೀರು ಕತ್ತಿನ ಮೇಲೆ ಬಿತ್ತು.

ಏಪ್ರಿಲ್ ೭, ಸೋಮವಾರ

ಮೇನೇಜರ್ ಕರೆಸಿದ. ಹೊಸ ಗಡ್ಡೆಯನ್ನು ಮೇಲಿನಿಂದಲೇ ಸುರಿದು ತುಂಬಿ ಬಾಗಿಲು ಹಾಕಿಯಾಗಿದೆ, ನಾಡಿದ್ದು ಉದ್ದಣ್ಣ ಇಳಿಯುತ್ತಾನೆ. ಪ್ಲಾಸ್ಟಿಕ್ ತೆಗೆದು ಬರೀ ಗೋಣಿಯ ಪರದೆ ಹೊಲಿದು ಕೊಡು, ತಟ್ಟೆಯಷ್ಟು ತೂತು ಬಿಡು, ಸಾಕು ಎಂದ.

ಬರೆದು ಕೊಡಿ ಎಂದೆ.

"ಏನು ಬರೀಬೇಕು?"

"ನೀವು ಈಗ ಹೇಳಿದ್ದು. ಕೆಳಗೆ ಸಹಿ. ಬಾಯಿಮಾತಿಗೆ ಇನ್ನು ನಾನು ಸೂಜಿ ಎತ್ತಲ್ಲ."

ಅವನು ನಕ್ಕು ನೋಡಿದ, ಸಿಟ್ಟಾಗಿ ನೋಡಿದ. ನಾನು ಕುರ್ಚಿ ಎಳೆದುಕೊಂಡು ಕೂತೆ. ಈ ಸಲ ಅವನು ಕೊಟ್ಟಿರಲಿಲ್ಲ. ಬೆಳಕು ತಿರುಗುವುದಿಲ್ಲ, ಗಾಳಿ ತಿರುಗುತ್ತದೆ ಎಂದು ಟೀಚರ್ ಹೇಳಿದ್ದಳು. ಕಿಂಡಿಗೆ ಪರದೆ ಬೇಡ, ಎರಡು ಕಡೆ ಬಾಗಿರುವ ದಪ್ಪ ಪೈಪು ಕೂರಿಸಿ, ಒಳಗೆ ಕಪ್ಪು ಬಣ್ಣ ಬಳಿಸಿ ಎಂದೆ. ಬೆಳಕು ಮೊದಲ ತಿರುವಿನಲ್ಲೇ ಗೋಡೆಗೆ ಬಡಿದು ನಿಲ್ಲುತ್ತದೆ, ಗಾಳಿ ಸುತ್ತಿಕೊಂಡು ಬರುತ್ತದೆ. ಅದಕ್ಕೂ ಮೊದಲು ನಾಲ್ಕೂ ಪರದೆ ಬಿಚ್ಚಬೇಕು ಎಂದೆ. ಅವನು ಗೊಣಗುತ್ತ ಬರೆದ. ಅಕ್ಷರ ನನ್ನದಕ್ಕಿಂತ ಕೆಟ್ಟದು.

ಎರಡು ತಿರುವಿನ ಪೈಪು. ಮೋರಿಗೆ ಹಾಕುವಂಥದ್ದು. ಅಷ್ಟೇ ಬೇಕಾಗಿದ್ದಿದ್ದು. ಅಷ್ಟೇ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ, ಜನ ತಿರುಗಿ ನೋಡಿದರು.

ಏಪ್ರಿಲ್ ೯, ಬುಧವಾರ

ನಿನ್ನೆ ಪರದೆ ಬಿಚ್ಚಿದೆ. ಬೇರೆಯವರಿಗೆ ಬಿಡಲಿಲ್ಲ. ಒಂದೊಂದು ಹೊಲಿಗೆಗೂ ಚಾಕು ಹಾಕಬೇಕಾಯಿತು, ಅರ್ಧ ದಿನ ಹಿಡಿಯಿತು. ಸಂಜೆಯೊಳಗೆ ಪೈಪು ಕೂರಿಸಿದರು. ಉದ್ದಣ್ಣ ಆಗಲೇ ಇಳಿಯಲು ಹೊರಟ. ಅಪ್ಪನ ಲಾಟೀನು ಒಯ್ದಿದ್ದೆ. ಹಚ್ಚಿ, ಹಗ್ಗದಲ್ಲಿ ಬಿಟ್ಟೆ. ಒಂಬತ್ತನೇ ಮೆಟ್ಟಿಲ ಹತ್ತಿರ ಕುಗ್ಗಿತು, ಹನ್ನೊಂದಕ್ಕೆ ಆರಿತು. ಉದ್ದಣ್ಣನ ಮುಖ ಬಿಳಿಚಿಕೊಂಡಿತು. ಮನೆಗೆ ಹೋಗು, ಬಾಗಿಲು ತೆಗೆದೇ ಇರಲಿ ಎಂದೆ. ಲಾರಿ ಕಾಯ್ತಿದೆ ಎಂದ ಮೀಸೆ, ಅಭ್ಯಾಸಬಲದಿಂದ. ನಾನು ತಿರುಗಿ ನೋಡಿದೆ. ಅವನು ತಾನೇ ಹೋಗಿ ಲಾರಿಯನ್ನು ವಾಪಸ್ ಕಳಿಸಿದ.

ಇವತ್ತು ಬೆಳಿಗ್ಗೆ ಮತ್ತೆ ಬಿಟ್ಟೆ. ಉರಿಯಿತು. ಬೀಡಿ ಸೇದುವ ಮುದುಕನಿಲ್ಲ, ಇನ್ನೂರು ಎಣಿಸಿದೆ. ಉರಿಯುತ್ತಲೇ ಇತ್ತು. ಉದ್ದಣ್ಣ ಇಳಿದ. ತಮ್ಮನ ಟೋಪಿಯನ್ನು ನಾನೇ ಅವನ ತಲೆಗೆ ಹಾಕಿದ್ದೆ. ಕೆಳಗಿನಿಂದ ಅವನು ಏನೋ ಹೇಳಿದ, ಮಾತು ಸ್ಪಷ್ಟವಾಗಿತ್ತು.

ಮನೆಗೆ ಬಂದಾಗ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಲಾಟೀನು ನೋಡಿದಳು. ಆರು ದಿನಕ್ಕೆ ಮೊದಲ ಮಾತು.

"ಉರೀತಾ?"

"ಕೊನೇ ಮೆಟ್ಟಿಲವರೆಗೂ."

ಅವಳು ಅದನ್ನು ಇಸಿದುಕೊಂಡು ಒಳಗೆ ಹೋದಳು. ಗಾಜು ಒರೆಸುವ ಸದ್ದು ಕೇಳಿಸಿತು. ಕ್ಲಿಪ್ಪುಗಳನ್ನು ಒಂದು ಡಬ್ಬಿಗೆ ಹಾಕಿಟ್ಟಿದ್ದಳು.

ಹಿತ್ತಲ ಹಗ್ಗದ ಮೇಲೆ ಅವನ ಅಂಗಿಗಳು ಸಾಲಾಗಿ ಒಣಗುತ್ತಿದ್ದವು. ಮೇಲಿನ ಕುಂಡದಿಂದ ಒಂದರ ತೋಳಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಈ ಹೆಂಗಸಿಗೆ ಎಷ್ಟು ಹೇಳಿದರೂ ಅಷ್ಟೇ, ಬೈದು ಬರಬೇಕು ಎಂದು ಎರಡು ಮೆಟ್ಟಿಲು ಹತ್ತಿದೆ. ಆಮೇಲೆ ಇಳಿದು ಬಂದು ಹಗ್ಗವನ್ನೇ ಎರಡಡಿ ಈಚೆಗೆ, ಬಿಸಿಲಿಗೆ ಕಟ್ಟಿದೆ.